ಎಡಗಾಲಿಗೆ ಕೆಲಸವಿಲ್ಲ

ಸಿಡ್ನಿ ಎಂಬ ಊರು ನೆಬ್ರಾಸ್ಕಾದಲ್ಲೂ ಒಂದಿದೆ.
ಕಡಲಿಲ್ಲ. ಗೋಧಿಯ ಕೂಳೆ, ಗಾಳಿ,
ಲಾರಿ ಕಂಪನಿಯ ಜಲ್ಲಿ ಹಾಸಿದ ಅಂಗಳ.
ಬೆಳಗಿನ ಐದಕ್ಕೇ ಬಂದು ನಿಂತಿದ್ದೇನೆ:
ಐವತ್ತೆಂಟರ ಮಂಡಿ, ಹೊಸ ಬೂಟು,
ಒಂಬತ್ತು ವರ್ಷ ಡ್ರಾಯರಿನಲ್ಲಿ ಮಲಗಿದ್ದ ಕೈಗವಸು.

ಡಾಕ್ಟರು ಮೊನ್ನೆ ರಕ್ತದೊತ್ತಡ ಎರಡು ಸಲ ನೋಡಿದ.
ಮೊದಲನೆಯದು ಹೆಚ್ಚಿತ್ತು. ಸುಮ್ಮನೆ ಕೂತಿರಿ ಎಂದ.
ಎರಡನೆಯದಕ್ಕೆ ಪಾಸು.
ಗೋಡೆಯ ಮೇಲಿನ ಕಟ್ಟಕಡೆಯ ಸಾಲು
ಓದಿದೆನೋ ಊಹಿಸಿದೆನೋ, ಅವನೂ ಕೆದಕಲಿಲ್ಲ.

ಕಲಿಸುವ ಹುಡುಗ ಡಿಲ್ಲನ್ ಎಸ್ಕಮಿಯಾ.
ನಾನು ಮೊದಲ ಸಲ ಡಾನರ್ ಘಾಟಿ ಇಳಿದಾಗ
ಇವನಿನ್ನೂ ಹುಟ್ಟಿರಲಿಲ್ಲ.
"ಈಗೆಲ್ಲ ಆಟೋಮ್ಯಾಟಿಕ್, ಮೇಡಂ" ಎನ್ನುತ್ತಾನೆ,
ಮುದುಕಿಯ ಕೈಹಿಡಿದು ರಸ್ತೆ ದಾಟಿಸುವವರ ದನಿಯಲ್ಲಿ.
ಹದಿಮೂರು ಗೇರು, ಎರಡೆರಡು ಸಲ ತುಳಿದ ಕ್ಲಚ್ಚು,
ಇಂಜಿನ್ನಿನ ಗಂಟಲು ಕೇಳಿಯೇ ಕೈ ಹುಡುಕಿಕೊಳ್ಳುತ್ತಿದ್ದ ಹಲ್ಲು,
ಎಲ್ಲ ಈಗ ಒಂದು ಗುಂಡಿ.
ಎಡಗಾಲು ಮಾತ್ರ ತಡಕಾಡುತ್ತದೆ,
ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು
ನಂಬಿ ಇಳಿದ ಹಾಗೆ.

ಆಗ ಲೆಕ್ಕದ ಪುಸ್ತಕ ಕಾಗದದ್ದು, ಪೆನ್ಸಿಲು ನಮ್ಮದೇ.
ಮಲಗಿದ್ದೆ ಎಂದು ಗೆರೆಯೆಳೆದು
ಇಡೀ ಅಯೋವಾ ದಾಟಿದ್ದುಂಟು.
ಈಗ ಡಬ್ಬಿಯೊಂದು ನಿಮಿಷ ನಿಮಿಷ ಎಣಿಸುತ್ತದೆ.
ಗಾಜಿಗಂಟಿದ ರೆಪ್ಪೆಯಿಲ್ಲದ ಕಣ್ಣು:
ನಾನಿಲ್ಲಿ ಆಕಳಿಸಿದರೆ
ಓಮಾಹಾದಲ್ಲಿ ಯಾರಿಗೋ ತಿಳಿಯುತ್ತದೆ.
ರೇಡಿಯೋದ ಹತ್ತೊಂಬತ್ತನೇ ಚಾನೆಲ್ಲು ತಿರುಗಿಸಿದೆ.
ಬರೀ ಸುಯ್ಯೆನ್ನುವ ಸದ್ದು. ಎಲ್ಲಿ ಹೋದರೋ
ಆ ಬೈಗುಳದ ಬಾಯಿಗಳೆಲ್ಲ.

ಯಾಕೆ ಬಿಟ್ಟಿರಿ ಎಂದು ಅರ್ಜಿಯಲ್ಲಿ ಒಂದು ಖಾನೆ.
ಮೂರಂಗುಲ ಉದ್ದ.
"ಕೌಟುಂಬಿಕ ಕಾರಣ."
ಮೂರಂಗುಲದಲ್ಲಿ ಬ್ರಿನ್ಲಿ ಹಿಡಿಸುವುದಿಲ್ಲ.
ಮಗಳನ್ನು ಪೊಲೀಸರು ಒಯ್ದ ರಾತ್ರಿ
ಹದಿನಾಲ್ಕು ತಿಂಗಳ ಕೂಸು, ಮೈಯೆಲ್ಲ ಸಿಗರೇಟಿನ ವಾಸನೆ,
ಒಂದೇ ಕಾಲಿಗೆ ಕಾಲುಚೀಲ.
ಲಾರಿ ಮಾರಿದೆ. ಶಾಲೆಯ ಅಡುಗೆಮನೆ ಸೇರಿದೆ.
ಮುನ್ನೂರು ತಟ್ಟೆಗೆ ಹಿಸುಕಿದ ಆಲೂಗಡ್ಡೆ;
ಮುಂದೆ ಆ ಸಾಲಿನಲ್ಲೇ ಒಂದು ತಟ್ಟೆ ಬಂತು,
ಅದಕ್ಕೆ ಅರ್ಧ ಸೌಟು ಹೆಚ್ಚು.

ಏಪ್ರಿಲಿನಲ್ಲಿ ಕ್ರಿಸ್ಟಾ ಬಂದಳು.
ಕೈ ನಡುಗುತ್ತಿರಲಿಲ್ಲ. ಹಲ್ಲು ಕಟ್ಟಿಸಿಕೊಂಡಿದ್ದಳು.
ಬಾಡಿಗೆಯ ಚೀಟಿ, ಕೆಲಸದ ಚೀಟಿ, ಕೋರ್ಟಿನ ಚೀಟಿ
ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು, ಇಸ್ಪೀಟಿನ ಎಲೆಯ ಹಾಗೆ.
ಗೆದ್ದಳು.
ಅವಳು ಗೆಲ್ಲಲಿ ಎಂದೇ ಅಲ್ಲವೇ ನಾನು ಇಷ್ಟು ವರ್ಷ ಕಾದದ್ದು.
ಕಾರು ತಿರುವಿನಲ್ಲಿ ಮರೆಯಾದ ಮೇಲೆ
ಒಲೆಯ ಮೇಲೆ ನೋಡುತ್ತೇನೆ,
ಇಬ್ಬರಿಗಾಗುವಷ್ಟು ಮ್ಯಾಕರೋನಿ.

ಇವತ್ತು ಹಿಂದಕ್ಕೆ ನಡೆಸುವ ಪರೀಕ್ಷೆ.
ಕಿತ್ತಳೆ ಶಂಕುಗಳ ನಡುವೆ ಐವತ್ತಮೂರು ಅಡಿಯ ಟ್ರೈಲರು.
ಬಾಲ ಎಡಕ್ಕೆ ಹೋಗಬೇಕಾದರೆ
ಸ್ಟಿಯರಿಂಗು ಬಲಕ್ಕೆ ತಿರುಗಬೇಕು;
ಬಾಯಲ್ಲಿ ಹೇಳಿ ಕಲಿಸುವಂಥದ್ದಲ್ಲ ಇದು.
ಎರಡು ಶಂಕು ಬಿದ್ದವು. ಡಿಲ್ಲನ್ ಏನೋ ಗೀಚಿಕೊಂಡ.
ಇಳಿದೆ. ಸುತ್ತು ಹಾಕಿ ನೋಡಿದೆ. ಮತ್ತೆ ಹತ್ತಿದೆ.
ಅಂಗುಲ, ಅಂಗುಲ, ಕನ್ನಡಿ, ಅಂಗುಲ.
ಕೈಗೆ ಗೊತ್ತಿತ್ತು.
ನನಗೆ ಹೇಳಿರಲಿಲ್ಲ ಅಷ್ಟೆ.

ಸೋಮವಾರ ಮೊದಲ ಲೋಡು.
ಸ್ಕಾಟ್ಸ್‌ಬ್ಲಫ್‌ನಿಂದ ರೀನೋಗೆ
ಇಪ್ಪತ್ತು ಟನ್ನು ಬಿಳಿ ಬೀನ್ಸ್ ಕಾಳು.
ಎಲ್ಕ್ ಬೆಟ್ಟದ ಬುಡದಲ್ಲಿ ಗಾಳಿಯಂತೆ.
ಆ ಗಾಳಿ ನನ್ನ ಹಳೇ ಪರಿಚಯ,
ಖಾಲಿ ಲಾರಿ ಕಂಡರೆ ಮಾತ್ರ ಅದಕ್ಕೆ ಸಿಟ್ಟು.

ಎಂಟು ಗಂಟೆ ಓಡಿದರೆ ಅರ್ಧ ಗಂಟೆ
ನಿಲ್ಲಲೇಬೇಕೆಂದು ಡಬ್ಬಿಯ ಕಾನೂನು.
ನಕ್ಷೆಯ ಮೇಲೆ ಬೆರಳಿಟ್ಟು ಅಳೆದೆ:
ಅಷ್ಟು ಹೊತ್ತಿಗೆ ಇವ್ಯಾನ್‌ಸ್ಟನ್.
ಕ್ರಿಸ್ಟಾ ಮನೆ ಹಿಡಿದಿರುವ ಊರು.
ಅವಳಿಗಿನ್ನೂ ಹೇಳಿಲ್ಲ.
ನಿಲ್ಲುತ್ತೇನೆ ಎಂದೂ ಅಲ್ಲ, ಬರೀ ಪೆಟ್ರೋಲ್ ಬಂಕಿನಲ್ಲಿ
ಒಂದು ಕಾಫಿ.
ಶಾಲೆಯ ಬಸ್ಸು
ಮೂರು ಇಪ್ಪತ್ತಕ್ಕೆ ಆ ಬಂಕಿನ ಎದುರೇ ಹಾಯುತ್ತದೆ.
ಸುಮ್ಮನೆ ವಿಚಾರಿಸಿದ್ದೆ.